ಟೈಪ್ ಒಂದು, ಟೈಪ್ ಎರಡು: ಕಿಯಾರಿ ಕೊಟ್ಟ ಸಂಖ್ಯೆಗಳ ಚರಿತ್ರೆ

ಶಿವಮೊಗ್ಗದಲ್ಲಿ ಮಾಡಿಸಿದ ಎಂಆರ್‌ಐ ವರದಿಯಲ್ಲಿ ‘ಕಿಯಾರಿ ಮಾಲ್‌ಫಾರ್ಮೇಶನ್, ಟೈಪ್ ಒಂದು’ ಎಂದು ಬರೆದಿದ್ದರೆ, ಶಿಕಾರಿಪುರಕ್ಕೋ ಸೊರಬಕ್ಕೋ ವಾಪಸ್ ಹೋಗುವ ಬಸ್ಸು ಹತ್ತುವ ಮೊದಲೇ ಮನೆಯವರಿಗೆ ಒಂದು ಪ್ರಶ್ನೆ ಹುಟ್ಟಿರುತ್ತದೆ: ಈಗ ಒಂದರಲ್ಲಿದೆ, ಹೀಗೇ ಬಿಟ್ಟರೆ ಎರಡಕ್ಕೆ, ಮೂರಕ್ಕೆ ಹೋಗ್ತದಾ? ಕ್ಯಾನ್ಸರಿನ ಸ್ಟೇಜುಗಳನ್ನು ಕೇಳಿ ಕೇಳಿ ರೂಢಿಯಾದ ನಮಗೆ ಕಾಯಿಲೆಯ ಜೊತೆ ಬರುವ ಅಂಕಿ ಎಂದರೆ ಮೆಟ್ಟಿಲು. ಹತ್ತಿದಷ್ಟೂ ಅಪಾಯ.

ಉತ್ತರ ಸರಳ: ಹೋಗುವುದಿಲ್ಲ. ಕಿಯಾರಿಯ ಒಂದು ಎಂದಿಗೂ ಎರಡಾಗುವುದಿಲ್ಲ, ಎರಡು ಮೂರಾಗುವುದಿಲ್ಲ. ಇವು ಒಂದೇ ರೋಗದ ಹಂತಗಳಲ್ಲ. ಹಾಗಿದ್ದರೆ ಈ ಸಂಖ್ಯೆಗಳನ್ನು ಕೊಟ್ಟವರು ಯಾರು, ಯಾಕೆ ಕೊಟ್ಟರು, ನೂರಮೂವತ್ತು ವರ್ಷ ಕಳೆದರೂ ಅವು ವರದಿಗಳಿಂದ ಯಾಕೆ ಹೋಗಿಲ್ಲ ಎಂದು ತಿಳಿಯಲು ಹತ್ತೊಂಬತ್ತನೇ ಶತಮಾನದ ಯುರೋಪಿನ ಶವಪರೀಕ್ಷೆಯ ಕೋಣೆಗಳಿಗೆ ಹೋಗಬೇಕು.

ಮೊದಲು ಜಾಗದ ಪರಿಚಯ. ತಲೆಬುರುಡೆಯ ತಳದಲ್ಲಿ, ಹೆಕ್ಕತ್ತು ಸೇರುವ ಕಡೆ, ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಒಂದು ರಂಧ್ರವಿದೆ. ಮೆದುಳಿನ ಬುಡ ಅದರ ಮೂಲಕ ಇಳಿದು ಬೆನ್ನುಹುರಿಯಾಗುತ್ತದೆ. ಮೆದುಳನ್ನೂ ಬೆನ್ನುಹುರಿಯನ್ನೂ ತೊಯ್ಯುವ ತಿಳಿದ್ರವ ಪ್ರತಿ ಎದೆಬಡಿತಕ್ಕೂ ಅದೇ ರಂಧ್ರದಲ್ಲಿ ಕೆಳಗೆ ಮೇಲೆ ಓಡಾಡುತ್ತದೆ. ರಂಧ್ರದ ಹಿಂಬದಿಗೆ, ಸ್ವಲ್ಪ ಮೇಲೆ, ಕಿರುಮೆದುಳು ಕುಳಿತಿದೆ. ಅದರ ಕೆಳ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಗುಂಡನೆಯ ಉಬ್ಬುಗಳಿವೆ. ಅವುಗಳ ಹೆಸರು ಟಾನ್ಸಿಲ್. ಗಂಟಲಿನ ಟಾನ್ಸಿಲ್‌ಗೂ ಇವಕ್ಕೂ ಹೆಸರಷ್ಟೇ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋದವರು ಕೆಡದಂತೆ ಇಟ್ಟ ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದನ್ನು ಮಗುಚಿದರೆ ಹಿಂಭಾಗದಲ್ಲಿ ಸಣ್ಣ ಸಣ್ಣ ಗೆರೆಗಳ ಕಿರುಮೆದುಳು, ಅದರ ನಡುವೆ ಮೆದುಳಿನ ಬುಡವನ್ನು ಎರಡು ಕಡೆಯಿಂದ ಅಪ್ಪಿಕೊಂಡ ಟಾನ್ಸಿಲ್‌ಗಳು ಕಾಣುತ್ತವೆ. ಅವು ರಂಧ್ರ ದಾಟಿ ಕತ್ತಿನ ಕಾಲುವೆಗೆ ಇಳಿದರೆ ಅಲ್ಲಿ ಜಾಗದ ಜಗಳ ಶುರು. ವರದಿಯ ‘ಟೈಪ್ ಒಂದು’ ಇದೇ.

ಹೀಗೆ ಇಳಿದಿದ್ದನ್ನು, ಯಾರ ಹೆಸರು ಇದಕ್ಕೆ ಬಂತೋ ಆ ಹಾನ್ಸ್ ಕಿಯಾರಿಗಿಂತ ಮುಂಚೆಯೇ ಕಂಡವರಿದ್ದರು. 1881ರಲ್ಲಿ ಬರ್ನ್ ನಗರದ ತಿಯೊಡೋರ್ ಲಾಂಗ್‌ಹಾನ್ಸ್, ಬೆನ್ನುಹುರಿಯೊಳಗೆ ಪೊಳ್ಳು ಬಿದ್ದ ಒಂದು ಶವವನ್ನು ಪರೀಕ್ಷಿಸುವಾಗ ಟಾನ್ಸಿಲ್‌ಗಳು ಕೆಳಕ್ಕೆ ಚಾಚಿಕೊಂಡಿದ್ದನ್ನು ಬರೆದಿಟ್ಟರು. ಮೇಲಿನ ಅಡಚಣೆಗೂ ಕೆಳಗಿನ ಪೊಳ್ಳಿಗೂ ಸಂಬಂಧವಿರಬೇಕು ಎಂದು ಊಹಿಸಿದವರೂ ಅವರೇ. 1883ರಲ್ಲಿ ಗ್ಲಾಸ್ಗೋದ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಜಾನ್ ಕ್ಲೆಲ್ಯಾಂಡ್, ಬೆನ್ನುಮೂಳೆ ಕೂಡಿಕೊಳ್ಳದೆ ಹುಟ್ಟಿದ ಶಿಶುವಿನಲ್ಲಿ ಕಿರುಮೆದುಳು ಕೆಳಗೆ ಜಾರಿದ್ದನ್ನು ವಿವರಿಸಿದರು. ಎರಡೂ ಬಿಡಿ ಬಿಡಿ ವರದಿಗಳಾಗಿ ಉಳಿದವು. ಕಂಡಿದ್ದನ್ನು ಸಾಲಾಗಿ ಜೋಡಿಸಿ ಅಂಕಿ ಹಾಕುವ ಕೆಲಸಕ್ಕೆ ಇನ್ನೊಬ್ಬ ಬೇಕಾಗಿದ್ದ.

ಹಾನ್ಸ್ ಕಿಯಾರಿ ಹುಟ್ಟಿದ್ದು 1851ರಲ್ಲಿ, ವಿಯೆನ್ನಾದಲ್ಲಿ. ತಂದೆ ಯೊಹಾನ್ ಬ್ಯಾಪ್ಟಿಸ್ಟ್ ಕಿಯಾರಿ ಹೆಸರಾಂತ ಸ್ತ್ರೀರೋಗ ತಜ್ಞ, ತಮ್ಮ ಒಟ್ಟೊಕಾರ್ ಗಂಟಲು ರೋಗ ತಜ್ಞ. ಹಾನ್ಸ್ ಮಾತ್ರ ಬದುಕಿರುವ ರೋಗಿಗಳ ಹಾದಿ ಹಿಡಿಯದೆ, ಶವಪರೀಕ್ಷೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದ ಕಾರ್ಲ್ ರೋಕಿಟಾನ್ಸ್ಕಿಯ ಬಳಿ ಸಹಾಯಕನಾಗಿ ಸೇರಿದರು. 1882ರಲ್ಲಿ ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ರೋಗಶಾಸ್ತ್ರ ವಿಭಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಶವ ಕೊಯ್ದು, ಕಂಡಿದ್ದನ್ನು ಬರೆದು, ಮಾದರಿಗಳನ್ನು ಸಂಗ್ರಹಾಲಯದ ಕಪಾಟಿನಲ್ಲಿಟ್ಟರು. ಯಕೃತ್ತಿನ ರಕ್ತನಾಳ ಕಟ್ಟಿಕೊಳ್ಳುವ ‘ಬಡ್–ಕಿಯಾರಿ’ ಕಾಯಿಲೆಯ ಹೆಸರಿನಲ್ಲಿರುವವರೂ ಇವರೇ.

1891ರಲ್ಲಿ ಜರ್ಮನ್ ವೈದ್ಯ ವಾರಪತ್ರಿಕೆಯೊಂದರಲ್ಲಿ ಅವರ ಚಿಕ್ಕ ಲೇಖನ ಬಂತು. ತಲೆಯಲ್ಲಿ ನೀರು ತುಂಬುವುದರಿಂದ ಕಿರುಮೆದುಳಿನಲ್ಲಿ ಆಗುವ ಬದಲಾವಣೆಗಳು ಎಂಬುದು ಅದರ ವಿಷಯ. ಮೊದಲ ಬಗೆಗೆ ಕೊಟ್ಟ ಉದಾಹರಣೆ ಹದಿನೇಳು ವರ್ಷದ ಹುಡುಗಿಯದು. ಆಕೆ ತೀರಿಕೊಂಡಿದ್ದು ವಿಷಮಶೀತ ಜ್ವರದಿಂದ. ಟಾನ್ಸಿಲ್‌ಗಳು ಮೊನೆಯಾಗಿ ಕತ್ತಿನೊಳಕ್ಕೆ ಇಳಿದಿದ್ದವು, ಆದರೆ ಬದುಕಿದ್ದಾಗ ಕಿರುಮೆದುಳಿಗೆ ಸಂಬಂಧಿಸಿದ ಯಾವ ತೊಂದರೆಯೂ ಆಕೆಗೆ ಇರಲಿಲ್ಲ. ಟೈಪ್ ಒಂದರ ಮೊತ್ತಮೊದಲ ‘ರೋಗಿ’ಗೆ ಆ ರೋಗದ ಕಾಟವೇ ಇರಲಿಲ್ಲ ಎಂಬುದನ್ನು ಈಗ ವರದಿ ಹಿಡಿದು ಕಂಗಾಲಾಗುವವರೆಲ್ಲ ನೆನಪಿಡಬೇಕು. ಎರಡನೆಯ ಬಗೆ ಬೆನ್ನುಮೂಳೆ ತೆರೆದುಕೊಂಡೇ ಹುಟ್ಟಿದ ಕೂಸಿನದು. ಅಲ್ಲಿ ಟಾನ್ಸಿಲ್ ಮಾತ್ರವಲ್ಲ, ಕಿರುಮೆದುಳಿನ ನಡುಭಾಗ ಮತ್ತು ಮೆದುಳಿನ ಬುಡವೂ ಕೆಳಗೆ ಜಾರಿದ್ದವು. ಮೂರನೆಯದು ತೀರ ಅಪರೂಪ: ಕತ್ತಿನ ಹಿಂಬದಿಯಲ್ಲೇ ಮೂಳೆ ತೆರೆದು, ಕಿರುಮೆದುಳು ಹೊರಗಿನ ಚೀಲದೊಳಕ್ಕೆ ನುಗ್ಗಿದ ಕೂಸು. 1896ರ ದೊಡ್ಡ ಪ್ರಬಂಧದಲ್ಲಿ ನಾಲ್ಕನೆಯದನ್ನು ಸೇರಿಸಿದರು. ಅದರಲ್ಲಿ ಏನೂ ಕೆಳಗೆ ಇಳಿದಿರಲಿಲ್ಲ, ಕಿರುಮೆದುಳೇ ಸರಿಯಾಗಿ ಬೆಳೆದಿರಲಿಲ್ಲ. ಕ್ಲೆಲ್ಯಾಂಡರ ಹಿಂದಿನ ಕೆಲಸವನ್ನು ಕಿಯಾರಿ ಅಲ್ಲಿ ಸ್ಮರಿಸಿದ್ದಾರೆ.

ಅಂದರೆ ಇವು ಒಬ್ಬ ರೋಗಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡ ಹಂತಗಳಲ್ಲ, ಬೇರೆ ಬೇರೆ ಶವಗಳಲ್ಲಿ ಕಂಡ ಬೇರೆ ಬೇರೆ ಆಕಾರಗಳು. ಸತ್ತವರಲ್ಲಿ ಕಾಲ ನಿಂತಿರುತ್ತದೆ. ರೋಗ ಬೆಳೆಯಿತೋ ಇದ್ದಲ್ಲೇ ಇತ್ತೋ ಎಂದು ಆ ಮೇಜಿನ ಮೇಲೆ ತಿಳಿಯುವಂತಿರಲಿಲ್ಲ. ಎಲ್ಲಕ್ಕೂ ಮೇಲಿನಿಂದ ತಳ್ಳುವ ನೀರೇ ಕಾರಣ ಎಂಬ ಒಂದೇ ವಿವರಣೆಯನ್ನು ಕಿಯಾರಿ ಕೊಟ್ಟಿದ್ದರಿಂದ ನಾಲ್ಕೂ ಒಂದೇ ಮನೆಯವರಂತೆ ಕಂಡವು. ಆ ವಿವರಣೆ ನಿಲ್ಲಲಿಲ್ಲ, ಸಂಖ್ಯೆಗಳು ನಿಂತವು.

ಹೆಸರಿನ ವಿಚಾರದಲ್ಲಿ ಇನ್ನೊಂದು ಗೋಜಲಾಯಿತು. 1894ರಲ್ಲಿ ಹೈಡೆಲ್‌ಬರ್ಗ್‌ನ ಜೂಲಿಯಸ್ ಅರ್ನಾಲ್ಡ್ ಒಂದು ನವಜಾತ ಶಿಶುವಿನ ವಿವರ ಪ್ರಕಟಿಸಿದ್ದರು. 1907ರಲ್ಲಿ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಶ್ವಾಲ್ಬೆ ಮತ್ತು ಗ್ರೆಡಿಗ್ ಎರಡನೆಯ ಬಗೆಗೆ ‘ಅರ್ನಾಲ್ಡ್–ಕಿಯಾರಿ’ ಎಂದು ಹೆಸರಿಟ್ಟರು. ಗುರುವಿನ ಹೆಸರು ಮುಂದೆ ಬಂತು, ಕಿಯಾರಿಗಿಂತಲೂ ಎಂಟು ವರ್ಷ ಮುಂಚೆ ಬರೆದ ಕ್ಲೆಲ್ಯಾಂಡ್ ಬಿಟ್ಟುಹೋದರು. ಈಗಲೂ ಕೆಲವು ವರದಿಗಳಲ್ಲಿ ಈ ಜೋಡಿ ಹೆಸರು ಎಲ್ಲ ಬಗೆಗೂ ಅಂಟಿಕೊಂಡು ಬರುತ್ತದೆ. ಕಿಯಾರಿ 1906ರಲ್ಲಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ, 1916ರಲ್ಲಿ ಅಲ್ಲೇ ತೀರಿಕೊಂಡರು. ತಾನು ಅಂಕಿ ಹಾಕಿದ ಕಾಯಿಲೆಗೆ ಯಾರಾದರೂ ಚಿಕಿತ್ಸೆ ಮಾಡಿದ್ದನ್ನು ಅವರು ಕಾಣಲಿಲ್ಲ.

ಚಿಕಿತ್ಸೆಯ ಮೊದಲ ದಿನಗಳು ಕಷ್ಟದವು. 1938ರಲ್ಲಿ ಮಾಂಟ್ರಿಯಲ್‌ನ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಡೊನಾಲ್ಡ್ ಕೋಬರ್ನ್ ಒಬ್ಬ ತರುಣಿಯ ಶಸ್ತ್ರಚಿಕಿತ್ಸೆಯ ವಿವರ ಪ್ರಕಟಿಸಿದರು. ಆಕೆ ಉಳಿಯಲಿಲ್ಲ. ಅದೇ ವರ್ಷ ಮೆಕಾನೆಲ್ ಮತ್ತು ಪಾರ್ಕರ್ ವರದಿ ಮಾಡಿದ ಐವರಲ್ಲಿ ಇಬ್ಬರು ಸುಧಾರಿಸಿದರು. 1950ರಲ್ಲಿ ಕ್ಲೀವ್‌ಲ್ಯಾಂಡಿನ ಜೇಮ್ಸ್ ಗಾರ್ಡನರ್ ಮತ್ತು ಗುಡಾಲ್ ಹದಿನೇಳು ವಯಸ್ಕ ರೋಗಿಗಳ ಅನುಭವ ಬರೆದಾಗ ಚಿತ್ರ ಬದಲಾಯಿತು. ಇದು ಶಿಶುಗಳ ವಿರೂಪ ಮಾತ್ರವಲ್ಲ, ನಲವತ್ತು ವರ್ಷ ನೆಟ್ಟಗೆ ಬದುಕಿದ ಮನುಷ್ಯನನ್ನೂ ಕಾಡಬಹುದು ಎಂಬುದು ಖಚಿತವಾಯಿತು. ತಲೆಬುರುಡೆಯ ಹಿಂಭಾಗದ ಮೂಳೆಯನ್ನು ಸ್ವಲ್ಪ ಕತ್ತರಿಸಿ, ರಂಧ್ರವನ್ನು ಅಗಲ ಮಾಡಿ, ಒಳಪೊರೆಯನ್ನು ಬಿಡಿಸಿ ಜಾಗ ಕೊಡುವುದು ಅಂದಿನಿಂದ ಇಂದಿನವರೆಗೂ ಮುಖ್ಯ ಶಸ್ತ್ರಚಿಕಿತ್ಸೆ.

ಈ ಹೊತ್ತಿಗೆ ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಕಣ್ಣು ಬಿಡುತ್ತಿತ್ತು. 1949ರಲ್ಲಿ ಜೇಕಬ್ ಚಾಂಡಿ ವೆಲ್ಲೂರಿನಲ್ಲಿ ದೇಶದ ಮೊದಲ ವಿಭಾಗ ತೆರೆದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1958ರಲ್ಲಿ ಡಾ. ಆರ್. ಎಂ. ವರ್ಮಾ ಅಲ್ಲಿಗೆ ನರಶಸ್ತ್ರಚಿಕಿತ್ಸಕರಾಗಿ ಬಂದರು. ಆಸ್ಪತ್ರೆ ಮತ್ತು ಸಂಸ್ಥೆ ಕೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಶಿಕಾರಿಪುರ ಸೀಮೆಗೆ ರೋಗಿಗಳ ಆರೈಕೆ ಹೊಸದೇನಲ್ಲ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ವಿದ್ಯೆ ಮತ್ತು ಅನ್ನದ ತಾಣವೆಂದು ಮಾತ್ರವಲ್ಲ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ಜಾಗವೆಂದೂ ವರ್ಣಿಸುತ್ತದೆ. ಆಗ ಬೇರೆ ಊರಿನವರು ಇಲ್ಲಿಗೆ ಬರುತ್ತಿದ್ದರು. ನರರೋಗದ ವಿಚಾರದಲ್ಲಿ ಇಪ್ಪತ್ತನೇ ಶತಮಾನ ಇಲ್ಲಿಯವರನ್ನು ಮಣಿಪಾಲಕ್ಕೆ, ಬೆಂಗಳೂರಿಗೆ ಹೊರಡಿಸಿತು. ಆ ಪ್ರಯಾಣಕ್ಕೂ ಮೊದಲು, ಇದು ನರದ ಕಾಯಿಲೆ ಎಂದು ಯಾರಾದರೂ ಗುರುತಿಸಬೇಕಿತ್ತು. ಅದೇ ಕಷ್ಟದ ಕೆಲಸ.

ಯಾಕೆಂದರೆ ಕಿಯಾರಿ ಬೇರೆ ರೋಗಗಳ ವೇಷದಲ್ಲಿ ಬರುತ್ತದೆ. ಬೆನ್ನುಹುರಿಯ ನಡುವೆ ನೀರು ತುಂಬಿದ ಪೊಳ್ಳು, ಅಂದರೆ ಸಿರಿಂಕ್ಸ್, ಬೆಳೆದಾಗ ಅದು ಮೊದಲು ಕೊಯ್ಯುವುದು ಹುರಿಯ ಮಧ್ಯದಲ್ಲಿ ಎಡದಿಂದ ಬಲಕ್ಕೆ ದಾಟುವ ಎಳೆಗಳನ್ನು. ನೋವು ಮತ್ತು ಬಿಸಿಯ ಸುದ್ದಿ ಒಯ್ಯುವ ಎಳೆಗಳು ಅವು. ಮುಟ್ಟಿದ್ದನ್ನು ತಿಳಿಸುವ ಎಳೆಗಳು ಹುರಿಯ ಹಿಂಭಾಗದಲ್ಲಿ ಹೋಗುವುದರಿಂದ ಬಚಾವಾಗುತ್ತವೆ. ಒಲೆಯಿಂದ ಪಾತ್ರೆ ಇಳಿಸುವಾಗ ಪಾತ್ರೆ ಕೈಗೆ ತಾಗಿದ್ದು ಗೊತ್ತಾಗುತ್ತದೆ, ಸುಡುತ್ತಿರುವುದು ಗೊತ್ತಾಗುವುದಿಲ್ಲ. ಸಂಜೆ ಯಾರೋ ತೋರಿಸಿದಾಗಲೇ ಬೊಬ್ಬೆ ಕಾಣುವುದು. ಬರಬರುತ್ತ ಅಂಗೈಯ ಮಾಂಸ ಸೊರಗುತ್ತದೆ, ಬೆರಳು ಮುದುರುತ್ತದೆ. ಇಂಥ ಕೈ ನೋಡಿದವರಿಗೆ ಮೊದಲು ನೆನಪಾಗುವುದು ಕುಷ್ಠ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಸ್ತಾಂಬುಲಿನ ಜಂಬಾಕೊ ಪಾಶಾ ಎಂಬ ವೈದ್ಯರು ಈ ಪೊಳ್ಳಿನ ಕಾಯಿಲೆಯನ್ನು ಸಿರಿಂಗೋಮೈಲಿಯಾ ಎಂದು ಕರೆಯುತ್ತಿದ್ದಾರೆ, ಆದರೆ ಅದು ಕುಷ್ಠವೇ ಎಂದು ವಾದಿಸಿ ಯುರೋಪಿನ ವೈದ್ಯರ ನಡುವೆ ದೊಡ್ಡ ಜಗಳ ಎಬ್ಬಿಸಿದ್ದರು. ಇದನ್ನು ಬಿಡಿಸಲು ಯಂತ್ರವೇ ಬೇಕೆಂದಿಲ್ಲ. ಕುಷ್ಠದಲ್ಲಿ ಮೊಣಕೈ ಹತ್ತಿರದ ನರ ದಪ್ಪಗಾಗಿ ಕೈಗೆ ಸಿಗುತ್ತದೆ, ಚರ್ಮದ ಮೇಲೆ ಮಚ್ಚೆ ಇರುತ್ತದೆ. ಸಿರಿಂಕ್ಸ್‌ನಲ್ಲಿ ಇವೆರಡೂ ಇಲ್ಲ. ವೈದ್ಯರು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ತೋಳು ಅಲ್ಲಾಡುವುದಿಲ್ಲ, ಮಂಡಿ ಮಾತ್ರ ಅಗತ್ಯಕ್ಕಿಂತ ಜೋರಾಗಿ ನೆಗೆಯುತ್ತದೆ.

ಸೊರಬದ ಕಡೆ ಇನ್ನೊಂದು ವೇಷವೂ ಇದೆ. 1957ರಲ್ಲಿ ಆ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಲ್ಲಿ ಮಲಗಿದಂದಿನಿಂದ ಇಲ್ಲಿ ತಲೆನೋವು ಕತ್ತುನೋವು ಎಂದರೆ ಮೊದಲು ಬರುವ ಭಯ ಮಂಗನ ಕಾಯಿಲೆಯದು. ಭಯಕ್ಕೆ ಆಧಾರವೂ ಇದೆ. ಜ್ವರ ಬಿಟ್ಟು ಕೆಲವು ದಿನಗಳ ಮೇಲೆ ಮತ್ತೆ ಮರಳಿ ತಲೆನೋವು, ಕತ್ತು ಬಿಗಿತ, ನಡುಕ ಕಾಣಿಸುವುದನ್ನು ವೆಬ್ ಮತ್ತು ಲಕ್ಷ್ಮಣ ರಾವ್ ಎಂಬ ವೈದ್ಯರು 1961ರಲ್ಲೇ ದಾಖಲಿಸಿದ್ದಾರೆ. ಎರಡನ್ನೂ ಬೇರೆ ಮಾಡುವುದು ಕಾಲ. ಮಂಗನ ಕಾಯಿಲೆ ಜ್ವರದೊಂದಿಗೆ ಬಂದು ವಾರಗಳಲ್ಲಿ ಇತ್ಯರ್ಥವಾಗುತ್ತದೆ. ಕಿಯಾರಿಯ ನೋವಿಗೆ ಜ್ವರವಿಲ್ಲ. ಅದು ವರ್ಷಗಟ್ಟಲೆ ಹಿತ್ತಲೆಯಲ್ಲಿ ಕೂತು, ಕೆಮ್ಮಿದಾಗ, ಸೀನಿದಾಗ, ಮುಕ್ಕಿದಾಗ, ಜೋರಾಗಿ ನಕ್ಕಾಗ ಛಳಕ್ಕೆಂದು ಏಳುತ್ತದೆ.

ಭಾರತದ ವೈದ್ಯರಿಗೆ ಈ ಜಾಗ ಇನ್ನೊಂದು ಕಾರಣಕ್ಕೂ ಮುಖ್ಯವಾಯಿತು. ತಲೆಬುರುಡೆಯನ್ನು ಹೊತ್ತ ಕತ್ತಿನ ಮೊದಲೆರಡು ಮೂಳೆಗಳ ಕೀಲು ಹುಟ್ಟಿನಿಂದಲೇ ಸಡಿಲವಾಗಿರುವ ರೋಗಿಗಳು ನಮ್ಮಲ್ಲಿ ಹೆಚ್ಚಾಗಿ ಕಾಣಸಿಗುತ್ತಿದ್ದರು. 1967ರಲ್ಲಿ ಮುಂಬಯಿಯ ಡಾ. ಎನ್. ಎಚ್. ವಾಡಿಯಾ ಅಂಥ 28 ರೋಗಿಗಳ ಅಧ್ಯಯನವನ್ನು ‘ಬ್ರೇನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಶ್ಚಿಮದಲ್ಲಿ ಎಲ್ಲರ ಕಣ್ಣು ಟಾನ್ಸಿಲ್ ಮೇಲಿದ್ದಾಗ ಇಲ್ಲಿನವರ ಕಣ್ಣು ಮೂಳೆಯ ಕೀಲಿನ ಮೇಲೆ ಬಿದ್ದಿತ್ತು. ಈ ವ್ಯತ್ಯಾಸ ಅರ್ಧ ಶತಮಾನದ ಮೇಲೆ ದೊಡ್ಡ ವಾದವಾಗಿ ಎದ್ದಿತು.

ಅಷ್ಟರಲ್ಲಿ ಕಾರಣದ ಹುಡುಕಾಟ ಸಾಗಿತ್ತು. ಮೆದುಳಿನ ದ್ರವಕ್ಕೆ ಹೊರದಾರಿ ಕಟ್ಟಿ, ಎದೆಬಡಿತದ ಹೊಡೆತಕ್ಕೆ ಅದು ಬೆನ್ನುಹುರಿಯ ನಡುಗಾಲುವೆಗೆ ನುಗ್ಗುತ್ತದೆ ಎಂದು ಗಾರ್ಡನರ್ ನಂಬಿದರು. ಆ ನಡುಗಾಲುವೆಯ ಬಾಯಿಗೆ ಮಾಂಸದ ತುಣುಕು ತುರುಕಿ ಮುಚ್ಚುವ ಶಸ್ತ್ರಚಿಕಿತ್ಸೆ ಕೆಲಕಾಲ ನಡೆಯಿತು, ಮುಂದೆ ಕೈಬಿಡಲಾಯಿತು. ಇಂಗ್ಲೆಂಡಿನ ಬರ್ನಾರ್ಡ್ ವಿಲಿಯಮ್ಸ್ ಕೆಮ್ಮನ್ನೇ ಅಳೆದರು. ಕೆಮ್ಮಿದಾಗ ದ್ರವ ಮೇಲಕ್ಕೆ ಚಿಮ್ಮುತ್ತದೆ, ಇಳಿದ ಟಾನ್ಸಿಲ್ ಅದನ್ನು ಕೂಡಲೇ ಕೆಳಗೆ ಬಿಡುವುದಿಲ್ಲ, ಹಾಗಾಗಿ ತಲೆಯ ಒತ್ತಡ ಬೆನ್ನಿನದಕ್ಕಿಂತ ಹೆಚ್ಚಾಗುತ್ತದೆ ಎಂದು ತೋರಿಸಿದರು. ಕೆಮ್ಮಿನ ತಲೆನೋವಿಗೆ ಅರ್ಥ ಸಿಕ್ಕಿದ್ದು ಆಗ. 1994ರಲ್ಲಿ ಅಮೆರಿಕದ ಎಡ್ವರ್ಡ್ ಓಲ್ಡ್‌ಫೀಲ್ಡ್ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೇ ನೋಡಿ ಬರೆದರು: ಪ್ರತಿ ಎದೆಬಡಿತಕ್ಕೂ ಟಾನ್ಸಿಲ್‌ಗಳು ಸೈಕಲ್ ಪಂಪಿನೊಳಗಿನ ಪಿಸ್ಟನ್‌ನಂತೆ ಕೆಳಕ್ಕೆ ತಳ್ಳುತ್ತವೆ, ಆ ಒತ್ತಡ ದ್ರವವನ್ನು ಹೊರಗಿನಿಂದ ಹುರಿಯೊಳಕ್ಕೆ ಹೊಗಿಸುತ್ತದೆ.

ಬದುಕಿರುವವರ ತಲೆಯೊಳಗೆ ಟಾನ್ಸಿಲ್ ಕಾಣುವುದು ಬಹುಕಾಲ ಸುಲಭವಿರಲಿಲ್ಲ. ಬೆನ್ನಿಗೆ ಸೂಜಿ ಚುಚ್ಚಿ ಬಣ್ಣದ ದ್ರವ ಬಿಟ್ಟು, ಮೇಜನ್ನು ಓರೆ ಮಾಡಿ ಎಕ್ಸ್‌ರೇ ತೆಗೆಯಬೇಕಿತ್ತು. ರೋಗಿಯನ್ನು ಬೋರಲು ಮಲಗಿಸಿದರೆ ಬಣ್ಣ ಮುಂಬದಿಯಲ್ಲಿ ಹರಿದು, ಹಿಂಬದಿಯ ಟಾನ್ಸಿಲ್ ತಪ್ಪಿಹೋಗುತ್ತಿತ್ತು. ಅಂಗಾತ ಮಲಗಿಸಬೇಕೆಂಬ ಎಚ್ಚರ ಇದ್ದವರಿಗಷ್ಟೇ ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ಎಂಆರ್‌ಐ ಬಂದು ಸೂಜಿಯಿಲ್ಲದೆ, ನೋವಿಲ್ಲದೆ ಎಲ್ಲವನ್ನೂ ಅಡ್ಡ ಕೊಯ್ದಂತೆ ತೋರಿಸಿತು. ಕಂಡ ಮೇಲೆ ಅಳೆಯಬೇಕು. 1985ರಲ್ಲಿ ಅಬೂಲೆಜ್ ಮತ್ತು ಸಂಗಡಿಗರು ಗೆರೆ ಎಳೆದರು: ರಂಧ್ರದಿಂದ ಮೂರು ಮಿಲಿಮೀಟರ್ ತನಕ ಸಹಜ, ಐದು ದಾಟಿದರೆ ಕಾಯಿಲೆ, ನಡುವಿನದು ಅನುಮಾನ. 1992ರಲ್ಲಿ ಮಿಕುಲಿಸ್ ತಂಡ ಇನ್ನೂ ಒಂದು ಸಂಗತಿ ತೋರಿಸಿತು. ವಯಸ್ಸಾದಂತೆ ಟಾನ್ಸಿಲ್ ಮೇಲಕ್ಕೆ ಸರಿಯುತ್ತದೆ. ಹತ್ತು ವರ್ಷದೊಳಗಿನ ಮಗುವಿಗೆ ಆರು ಮಿಲಿಮೀಟರ್ ಕೂಡ ಸಹಜವಿರಬಹುದು.

ಈ ಗೆರೆಯೇ ಈಗಿನ ಗಾಬರಿಯ ಬಹುಪಾಲಿಗೆ ಕಾರಣ. ಬೈಕಿನಿಂದ ಬಿದ್ದು ತಲೆ ಸ್ಕ್ಯಾನ್ ಮಾಡಿಸಿದವರಲ್ಲಿ, ಮೈಗ್ರೇನ್ ಎಂದು ಮಾಡಿಸಿದವರಲ್ಲಿ ಕೇಳದೆಯೇ ‘ಟೈಪ್ ಒಂದು’ ಸಿಗತೊಡಗಿತು. ಇತ್ತ, ಗೆರೆಗೆ ಸಿಗದ ರೋಗಿಗಳೂ ಬಂದರು. ಟಾನ್ಸಿಲ್ ಇಳಿದೇ ಇಲ್ಲ, ಆದರೂ ಸಿರಿಂಕ್ಸ್ ಇದೆ, ರಂಧ್ರ ಅಗಲ ಮಾಡಿದರೆ ಅದು ಕುಗ್ಗುತ್ತದೆ. 1998ರಲ್ಲಿ ಇದಕ್ಕೆ ‘ಕಿಯಾರಿ ಸೊನ್ನೆ’ ಎಂಬ ಹೆಸರು ಬಂತು. ಟಾನ್ಸಿಲ್ ಜೊತೆ ಮೆದುಳಿನ ಬುಡವೂ ಇಳಿದು, ಬೆನ್ನುಮೂಳೆ ಮಾತ್ರ ಸರಿಯಿದ್ದರೆ ಅದು ‘ಒಂದೂವರೆ’. ಸಾಲು ಮುರಿದು ಬೀಳುವ ಬದಲು ಸಾಲಿನ ಸಂದಿಗಳಲ್ಲಿ ಹೊಸ ಅಂಕಿಗಳು ತೂರಿಕೊಂಡವು.

ಒಳಗೆ ಮಾತ್ರ ಮನೆ ಒಡೆದಾಗಿತ್ತು. 1989ರಲ್ಲಿ ಮೆಕ್‌ಲೋನ್ ಮತ್ತು ನೆಪ್ಪರ್, ಎರಡನೆಯ ಬಗೆಯ ಮೂಲ ಬೆನ್ನಿನಲ್ಲೇ ಇದೆ ಎಂದರು. ಗರ್ಭದಲ್ಲಿ ತೆರೆದ ಬೆನ್ನಿನಿಂದ ದ್ರವ ಸೋರಿದರೆ ತಲೆಯ ಹಿಂಕೋಣೆ ಉಬ್ಬದೆ ಚಿಕ್ಕದಾಗಿಯೇ ಉಳಿಯುತ್ತದೆ, ಬೆಳೆಯುವ ಕಿರುಮೆದುಳಿಗೆ ಜಾಗ ಸಾಲದೆ ಕೆಳಗೆ ಇಳಿಯುತ್ತದೆ. ಒಂದನೆಯ ಬಗೆಯಲ್ಲಿ ಸೋರಿಕೆ ಇಲ್ಲ. ಜಪಾನಿನ ನಿಶಿಕಾವಾ ತಂಡ 1997ರಲ್ಲಿ ಅಳೆದು ತೋರಿಸಿದಂತೆ, ಹಿತ್ತಲೆಯ ಮೂಳೆಯೇ ಸಾಕಷ್ಟು ಬೆಳೆದಿರುವುದಿಲ್ಲ. ಮೆದುಳು ಸರಿಯಾಗಿದೆ, ಕೋಣೆ ಕಿರಿದು. ಮೂರನೆಯದು ಕತ್ತಿನ ಬಳಿಯ ತೆರಪಿನದು. ನಾಲ್ಕನೆಯದಕ್ಕೂ ಉಳಿದವಕ್ಕೂ ಸಂಬಂಧವಿಲ್ಲವೆಂದು ಬಹುತೇಕರು ಅದನ್ನು ಪಟ್ಟಿಯಿಂದಲೇ ತೆಗೆದಿದ್ದಾರೆ.

ಎರಡನೆಯ ಬಗೆಯನ್ನು ತಡೆಯುವ ದಾರಿಯೂ ತೆರೆಯಿತು. ಹಿಂದೆ ಇಂಥ ಕೂಸನ್ನು ಹೆತ್ತ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಫೋಲಿಕ್ ಆ್ಯಸಿಡ್ ತೆಗೆದುಕೊಂಡರೆ ಅಪಾಯ ಶೇ. 72ರಷ್ಟು ತಗ್ಗುತ್ತದೆ ಎಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಯೋಗ ತೋರಿಸಿತು. 2011ರಲ್ಲಿ ಪ್ರಕಟವಾದ ಅಮೆರಿಕದ ‘ಮಾಮ್ಸ್’ ಪ್ರಯೋಗದಲ್ಲಿ ಗರ್ಭದಲ್ಲಿರುವಾಗಲೇ ಬೆನ್ನು ಮುಚ್ಚಲಾಗಿತ್ತು. ತಲೆಯ ನೀರು ಹರಿಸುವ ಕೊಳವೆ ಬೇಕಾದ ಮಕ್ಕಳು ಹುಟ್ಟಿದ ಮೇಲೆ ಮುಚ್ಚಿದವರಲ್ಲಿ ಶೇ. 82 ಇದ್ದರೆ, ಗರ್ಭದಲ್ಲೇ ಮುಚ್ಚಿದವರಲ್ಲಿ ಶೇ. 40. ಗರ್ಭದ ಶಸ್ತ್ರಚಿಕಿತ್ಸೆ ತಾಲ್ಲೂಕಿನವರಿಗೆ ದೂರದ ಮಾತು, ಮಾತ್ರೆ ಹಾಗಲ್ಲ. ಆದರೆ ಶಿಶುವಿನ ಬೆನ್ನಿನ ನಾಳ ಮುಚ್ಚುವುದು ಗರ್ಭ ನಿಂತ ನಾಲ್ಕು ವಾರದೊಳಗೆ. ಮುಟ್ಟು ತಪ್ಪಿ, ಪರೀಕ್ಷೆ ಮಾಡಿಸಿ, ತಾಯಿ ಕಾರ್ಡ್ ಬರೆಸಿ, ಆಶಾ ಕಾರ್ಯಕರ್ತೆಯಿಂದ ಮಾತ್ರೆ ಕೈಗೆ ಬರುವ ಹೊತ್ತಿಗೆ ಆ ಬಾಗಿಲು ಮುಚ್ಚಿಯೋ ತೆರೆದೋ ನಿರ್ಧಾರವಾಗಿರುತ್ತದೆ. ಮಾತ್ರೆ ಮದುವೆಯ ಹೊಸತರಲ್ಲೇ ಶುರುವಾಗಬೇಕು.

ಒಂದನೆಯ ಬಗೆಯಲ್ಲಿ ವಾದ ಇನ್ನೂ ಮುಗಿದಿಲ್ಲ, ಅದರ ಒಂದು ತುದಿ ನಮ್ಮ ದೇಶದಲ್ಲೇ ಇದೆ. ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿದ್ದ ಡಾ. ಅತುಲ್ ಗೋಯಲ್ ಕತ್ತಿನ ಮೊದಲೆರಡು ಮೂಳೆಗಳನ್ನು ಸ್ಕ್ರೂ ಮತ್ತು ಪಟ್ಟಿಯಿಂದ ಬಿಗಿಯುವ ವಿಧಾನವನ್ನು 1994ರಲ್ಲಿ ಲಹೇರಿಯವರ ಜೊತೆ ಪ್ರಕಟಿಸಿ ಜಗತ್ತಿನಾದ್ಯಂತ ಹೆಸರಾದವರು. 2015ರಲ್ಲಿ ಅವರು 65 ರೋಗಿಗಳ ಅನುಭವದಿಂದ, ಕಿಯಾರಿಯ ಮೂಲ ಆ ಕೀಲಿನ ಸಡಿಲತನ, ಟಾನ್ಸಿಲ್ ಇಳಿಯುವುದು ದೇಹ ಮಾಡಿಕೊಂಡ ರಕ್ಷಣೆ, ಆದ್ದರಿಂದ ಮೂಳೆ ಕತ್ತರಿಸುವ ಬದಲು ಕೀಲು ಬಿಗಿಯಬೇಕು ಎಂದರು. ಎಲ್ಲ ರೋಗಿಗಳಿಗೂ ಇದು ಸಲ್ಲದು, ಬಿಗಿದರೆ ಕತ್ತು ತಿರುಗಿಸುವುದೇ ಕಷ್ಟ ಎಂದು ಬಹಳಷ್ಟು ಶಸ್ತ್ರಚಿಕಿತ್ಸಕರು ಒಪ್ಪಿಲ್ಲ. ಸಡಿಲತನ ಕಣ್ಣಿಗೆ ಕಾಣುವ ರೋಗಿಗಳಲ್ಲಿ ಬಿಗಿಯಬೇಕೆಂಬುದಕ್ಕೆ ಮಾತ್ರ ತಕರಾರಿಲ್ಲ.

ಹಾಗಾದರೆ ಕಿಯಾರಿ ಬೆಳೆಯುವುದೇ ಇಲ್ಲವೇ? ಬೆಳೆಯುತ್ತದೆ, ಆದರೆ ಅಂಕಿಯ ದಾರಿಯಲ್ಲಲ್ಲ. ಅಕಸ್ಮಾತ್ ಸಿಕ್ಕ, ಲಕ್ಷಣವಿಲ್ಲದ, ಸಿರಿಂಕ್ಸ್ ಇಲ್ಲದ ಹೆಚ್ಚಿನ ಟೈಪ್ ಒಂದು ಇದ್ದಂತೆಯೇ ಇರುತ್ತದೆ, ಅಂಥವರಿಗೆ ಚಾಕು ಬೇಕಿಲ್ಲ. ಕೆಲವರಲ್ಲಿ ಸಿರಿಂಕ್ಸ್ ಹುಟ್ಟಿ ಹಿಗ್ಗುತ್ತದೆ, ಮಕ್ಕಳಲ್ಲಿ ಬೆನ್ನು ಸೊಟ್ಟಗಾಗುತ್ತದೆ, ನುಂಗುವುದು ಕಷ್ಟವಾಗುತ್ತದೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ, ನಡಿಗೆ ತೂರಾಡುತ್ತದೆ. ಎಂಟು ಮಿಲಿಮೀಟರ್ ಇಳಿದವರು ಹೊಲದ ಕೆಲಸ ಮಾಡಿಕೊಂಡಿರಬಹುದು, ನಾಲ್ಕೇ ಮಿಲಿಮೀಟರ್ ಇಳಿದವರ ಕೈ ಸೊರಗಿರಬಹುದು. ಹಾಗಾಗಿ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ವೈದ್ಯರ ಮುಂದೆ ಕೂತಾಗ ‘ಒಂದು ಎರಡಾಗ್ತದಾ’ ಎಂದು ಕೇಳಿ ಫಲವಿಲ್ಲ. ಕೇಳಬೇಕಾದ್ದು ಮೂರು: ಬೆನ್ನುಹುರಿಯಲ್ಲಿ ನೀರಿನ ಪೊಳ್ಳು ಇದೆಯಾ, ರಂಧ್ರದಲ್ಲಿ ದ್ರವ ಸರಾಗ ಓಡಾಡ್ತಿದೆಯಾ, ಕತ್ತಿನ ಮೊದಲ ಕೀಲು ಗಟ್ಟಿ ಇದೆಯಾ. ತಲೆಯ ಸ್ಕ್ಯಾನ್ ಮಾತ್ರ ಮಾಡಿಸಿದ್ದರೆ ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ, ಬೆನ್ನಿನದೂ ಬೇಕು. ಪ್ರಾಗ್‌ನ ಕಪಾಟಿನ ಅಂಕಿ ವರದಿಯಲ್ಲಿ ಇರಲಿ, ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದು ಈ ಮೂರರ ಉತ್ತರದಿಂದ ಮತ್ತು ರೋಗಿಯ ಕೈಕಾಲು ಹೇಳುವುದರಿಂದ ತೀರ್ಮಾನವಾಗಬೇಕು.